ಬ್ರೂನಾಗೆ ಅರ್ಥವಾಗದ ಪಾಠ

ಇಟಲಿಯ ನಮ್ಮ ಪಾದೊವಾ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಟ್ಟಡದಲ್ಲಿ ದೊಡ್ಡ ದೊಡ್ಡ ಪ್ರೊಫೆಸರುಗಳು ಪಾಠ ಮಾಡಿದ್ದಾರೆ. ಆದರೆ ನನ್ನನ್ನು ಕೇಳಿದರೆ ಅಲ್ಲಿ ಪಾಠ ಹೇಳಲು ಬರುತ್ತಿದ್ದದ್ದು ಒಬ್ಬಳಿಗೇ, ಬಾಗಿಲು ಕಾಯುವ ಬ್ರೂನಾಗೆ. ಅವಳು ಓದಿದ್ದು ಎಂಟನೇ ಕ್ಲಾಸು. ನಾನು ಪಿಯೆರೋ, ಅವಳ ಗಾಜಿನ ಗೂಡಿನ ಎದುರಿನ ಜೆರಾಕ್ಸ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೂತವನು. ದಿನಾ ಅವಳ ಬಾಯಿಗೆ ಸಿಕ್ಕಿ ಬೈಸಿಕೊಂಡವನು. ಆದರೂ ಈ ಮಾತನ್ನು ಎದೆ ತಟ್ಟಿ ಹೇಳುತ್ತೇನೆ.

ಬ್ರೂನಾ ಪೋ ನದಿಯ ದಡದವಳು. ಅವಳಿಗೆ ಐದು ವರ್ಷವಿದ್ದಾಗ ನದಿ ಉಕ್ಕಿ ಅವರೂರಿನ ಏರಿ ಒಡೆಯಿತು. ಅಪ್ಪ ಏರಿ ಉಳಿಸಲು ಮರಳುಮೂಟೆ ಹೊರುತ್ತಿದ್ದ. ಅವಳು ಅಮ್ಮನ ಜೊತೆ ಎರಡು ದಿನ ಮನೆಯ ಹೆಂಚಿನ ಮೇಲೆ ಕೂತಿದ್ದಳಂತೆ. ಇದನ್ನು ನೂರು ಸಲವಾದರೂ ನನ್ನ ಕಿವಿಗೆ ಹಾಕಿದ್ದಾಳೆ.

ಹಿರುತ್ ಎಂಬ ಹುಡುಗಿ ಇಥಿಯೋಪಿಯಾದಿಂದ ವಿದ್ಯಾರ್ಥಿವೇತನದ ಮೇಲೆ ಓದಲು ಬಂದಳು. ಬರೆಯಲು ಕೊಟ್ಟರೆ ಎಲ್ಲರಿಗಿಂತ ಮುಂದು. ಆದರೆ ನಮ್ಮಲ್ಲಿ ಅರ್ಧಕ್ಕರ್ಧ ಪರೀಕ್ಷೆ ಬಾಯಲ್ಲೇ. ಅದೂ ಬಾಗಿಲು ತೆರೆದಿಟ್ಟು. ಯಾರು ಬೇಕಾದರೂ ಹಿಂದೆ ಕೂತು ಕೇಳಬಹುದು. ಅವಳ ಕಡೆ ಗುರುಗಳ ಮುಂದೆ ತಲೆ ತಗ್ಗಿಸಿ ಮೆಲ್ಲಗೆ ಮಾತಾಡುವುದು ಮರ್ಯಾದೆ. ಇಲ್ಲಿ ಹಾಗೆ ಮಾಡಿದರೆ ಏನೂ ಓದಿಲ್ಲ ಅಂದುಕೊಳ್ಳುತ್ತಾರೆ. ಫೆಬ್ರವರಿಯಲ್ಲಿ ಗಣಿತದವರು ಮೂವತ್ತಕ್ಕೆ ಹದಿನೆಂಟು ಕೊಟ್ಟು "ಒಪ್ಪಿಗೆನಾ?" ಎಂದರು. ಹದಿನೆಂಟು ಅಂದರೆ ಬರೀ ಪಾಸು. ಅವಳು ಕೈಮುಗಿಯುವುದೊಂದು ಬಾಕಿ, ಸಹಿ ಹಾಕಿ ಬಂದಳು.

ಬ್ರೂನಾ ಸಿಡಿದಳು. "ಯಾರೇ ನಿಂಗೆ ಒಪ್ಕೋ ಅಂದಿದ್ದು? ಬೇಡ ಅಂದಿದ್ರೆ ಇನ್ನೊಂದ್ಸಲ ಕೊಡಬಹುದಿತ್ತು!"

"ಪ್ರೊಫೆಸರ್‌ಗೆ ಬೇಡ ಅನ್ನೋದಾ ಅಮ್ಮಾ? ಅದು ಹೇಗೆ?"

"ಬಾಯಿ ಬಿಟ್ಟು! ಕಾಫಿಗೆ ಬಾ ಅಂತ ಇವನು ಕರೀತಾನಲ್ಲ, ನಾನು ದಿನಾ ಬೇಡ ಅನ್ನಲ್ವಾ?" ಎಂದು ನನ್ನ ಕಡೆ ಬೆರಳು ತೋರಿಸಿದಳು.

ಒಮ್ಮೆ ಒಪ್ಪಿದ ಅಂಕವನ್ನು ಅಳಿಸುವಂತಿಲ್ಲ. ಉಳಿದದ್ದು ನದಿ ಮತ್ತು ಏರಿಗಳ ಪರೀಕ್ಷೆ. ಸರಾಸರಿ ಸರಿಹೋಗಲು ಅದರಲ್ಲಿ ಇಪ್ಪತ್ತೇಳಾದರೂ ಬರಬೇಕು. ಇಲ್ಲವಾದರೆ ವಿದ್ಯಾರ್ಥಿವೇತನ ನಿಂತು ಹಿರುತ್ ಊರಿಗೆ ವಾಪಸ್ಸು.

ಅಂದಿನಿಂದ ದಿನಾ ಮಧ್ಯಾಹ್ನ ಗಾಜಿನ ಗೂಡಿನಲ್ಲಿ ಪಾಠ. ಬ್ರೂನಾ ಮನೆಗೆ ಒಯ್ಯುವ ಸೊಪ್ಪು ಬಿಡಿಸುತ್ತಾ ಕೂರುವಳು, ಹಿರುತ್ ಏರಿಗಳ ವಿಷಯ ಹೇಳಬೇಕು.

"ಪುಸ್ತಕದ ಥರ ಬೇಡ, ನಂಗೆ ಹೇಳು. ಸೊಪ್ಪು ಯಾಕೆ ನೋಡ್ತೀಯಾ, ಮುಖ ನೋಡು! ಅರ್ಥ ಆಗ್ಲಿಲ್ಲ, ಮತ್ತೆ ಹೇಳು."

ಮೊದಮೊದಲು ನಾನು ನಗುತ್ತಿದ್ದೆ. ಆಮೇಲೆ ಮೆಷಿನ್ ನಿಲ್ಲಿಸಿ ಕೇಳತೊಡಗಿದೆ. ಏಪ್ರಿಲ್‌ನಲ್ಲಿ ಒಂದು ದಿನ ಮಾತ್ರ ಬ್ರೂನಾ ಸೊಪ್ಪು ಕೈಯಲ್ಲೇ ಹಿಡಿದು ಸುಮ್ಮನಾದಳು. ಅದೊಂದು ಪಾಠವನ್ನು ಮೂರು ಸಲ ಹೇಳಿಸಿಕೊಂಡಳು.

ಜೂನ್‌ನಲ್ಲಿ ಏರಿಗಳ ಪರೀಕ್ಷೆಗೆ ಇಪ್ಪತ್ತೆರಡು ಕೊಟ್ಟರು. "ಬೇಡ, ಪ್ರೊಫೆಸರ್," ಎಂದಳು ಹಿರುತ್. ಹೊರಗೆ ಬಂದವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಬ್ರೂನಾ ತನ್ನ ಬುತ್ತಿ ಬಿಚ್ಚಿ ಅವಳ ಮಡಿಲಲ್ಲಿಟ್ಟಳು. ನನಗೆ ಕಣ್ಣು ತುಂಬಿ ಬಂತು, ಮುಚ್ಚಿಡುವುದೇನು.

ಸೆಪ್ಟೆಂಬರ್‌ನದು ಕೊನೆಯ ಅವಕಾಶ. ಬ್ರೂನಾ ಗೂಡಿಗೆ ಬೀಗ ಹಾಕಿ, ಕೀಲಿಗೊಂಚಲು ಹಿಡಿದು ಕೊನೆಯ ಸಾಲಿನಲ್ಲಿ ನಿಂತಳು, ಪಕ್ಕದಲ್ಲಿ ನಾನು. ನದಿ ಉಕ್ಕಿದಾಗ ಏರಿಯ ಈಚೆ ಬದಿಯ ಹೊಲದಲ್ಲಿ ನೀರು ಯಾಕೆ ಬುಗ್ಗೆಯಾಗಿ ಏಳುತ್ತದೆ ಎಂದು ಪ್ರೊಫೆಸರ್ ಕೇಳಿದರು. ಹಿರುತ್ ಚೆನ್ನಾಗಿಯೇ ಹೇಳಿದಳು.

"ಹಾಗಾದ್ರೆ ಆ ಬುಗ್ಗೆ ಮುಚ್ಚಿಬಿಟ್ಟರಾಯ್ತಲ್ಲ?" ಎಂದರು ಅವರು.

ಅವಳ ತಲೆ ತಗ್ಗಿತು. ಪ್ರೊಫೆಸರ್ ಪೆನ್ನು ಎತ್ತಿಕೊಂಡರು.

"ನಂಗೂ ಅದು ಅರ್ಥ ಆಗ್ಲಿಲ್ಲ ಕಣೇ," ಎಂದಳು ಹಿಂದಿನಿಂದ ಬ್ರೂನಾ. "ಯಾಕೆ ಮುಚ್ಚಬಾರದು? ಮತ್ತೆ ಹೇಳು."

ಪ್ರೊಫೆಸರ್ ತಿರುಗಿದರು. "ಬ್ರೂನಾ, ನೀವು ಪೋ ದಡದವರು. ನಿಮಗೆ ಗೊತ್ತಿಲ್ವಾ?"

"ಎಂಟನೇ ಕ್ಲಾಸು ಸ್ವಾಮೀ. ನಂಗೇನು ಗೊತ್ತು?"

ಹಿರುತ್ ತಲೆಯೆತ್ತಿ ನೇರ ಬ್ರೂನಾಳ ಮುಖ ನೋಡಿದಳು. "ಮುಚ್ಚಿದ್ರೆ ನೀರು ಬೇರೆ ಕಡೆ ಕಿತ್ಕೊಂಡು ಬರುತ್ತೆ ಅಮ್ಮಾ, ಮಣ್ಣನ್ನೂ ಎಳ್ಕೊಂಡು. ಏರಿ ಅಡಿಯಲ್ಲಿ ಟೊಳ್ಳಾಗುತ್ತೆ. ಅದಕ್ಕೆ ಸುತ್ತ ಮಾತ್ರ ಮರಳುಮೂಟೆ ಇಡಬೇಕು, ಬಾವಿಕಟ್ಟೆ ಥರ. ಒಳಗೆ ನೀರು ತುಂಬಿ ನಿಲ್ಲಲಿ. ಆ ನೀರಿನ ಭಾರವೇ ಕೆಳಗಿನ ನೀರನ್ನ ಹಿಡಿಯುತ್ತೆ."

ಪ್ರೊಫೆಸರ್ ಇಬ್ಬರನ್ನೂ ನೋಡಿದರು. "ಇಪ್ಪತ್ತೆಂಟು. ಒಪ್ಪಿಗೆನಾ?"

"ಒಪ್ಪಿಗೆ," ಎಂದಳು ಹಿರುತ್, ಅವರ ಮುಖ ನೋಡಿಕೊಂಡೇ.

ಹೊರಗೆ ಬಂದು ನಾನು ಬ್ರೂನಾಳನ್ನು ಕೆಣಕಿದೆ. "ಭಲೇ ಸುಳ್ಳಿ! ನಿಮ್ಮಪ್ಪನೇ ಮೂಟೆ ಹೊತ್ತೋನು, ನಿಂಗೆ ಗೊತ್ತಿಲ್ವಾ?"

ಅವಳು ಗೂಡಿನ ಬೀಗ ತೆಗೆಯುತ್ತಿದ್ದಳು. "ಅಪ್ಪ ಆವತ್ತು ಮೂಟೆ ಹಾಕಿದ್ದು ಬುಗ್ಗೆ ಬಾಯಿಗೇ ಪಿಯೆರೋ. ಸುತ್ತ ಅಲ್ಲ. ಏರಿ ಯಾಕೆ ಒಡೀತು ಅಂತ ಸಾಯೋವರೆಗೂ ಕೇಳ್ತಾ ಇದ್ದ. ನಂಗದು ಗೊತ್ತಾಗಿದ್ದು ಏಪ್ರಿಲ್‌ನಲ್ಲಿ, ಈ ಹುಡುಗಿ ಹೇಳಿದಾಗ."