ಮೋಟಾರಿನಲ್ಲಿ ಕೇದಗೆ ಅತ್ತರು

ನಾಯಿ ಕೂತ ಸೀಟಿನ ಮೇಲೆ ಮಡಿ ಹೆಂಗಸು ಕೂಡಬಹುದೇ? ಕೂಡಬಹುದಂತೆ. ಮನೆಗೆ ಬಂದು ತಲೆಯ ಮೇಲೆ ನೀರು ಹಾಕಿಕೊಂಡರೆ ಮುಗಿಯಿತು. ಅತ್ತರಿನ ಸೀಟಿನ ಮೇಲೆ ಕೂತರೆ? ಆ ಮೈಲಿಗೆ ಕಳೆಯುವ ಸ್ನಾನವೇ ಇಲ್ಲವಂತೆ. ಹೋದ ವಾರ ನಾನು ಕಲಿತ ಧರ್ಮಶಾಸ್ತ್ರ ಇದು.

ನನ್ನ ಹೆಂಡತಿಯ ತಮ್ಮ ವಸಂತ, ಖಡಕಿ ದಂಡಿನ ಒಬ್ಬ ಬಿಳಿ ಸಾಹೇಬನಿಂದ ಸೆಕೆಂಡ್ ಹ್ಯಾಂಡ್ ಮೋಟಾರು ಕೊಂಡಿದ್ದಾನೆ. ಸಾಹೇಬ ವಿಲಾಯತಿಗೆ ಹೋದ. ಅವನ ನಾಯಿಯ ನಾತ, ಚಿರೂಟಿನ ನಾತ ಸೀಟಿನಲ್ಲೇ ಉಳಿದವು. (ಮೇಲೆ ಪೆಟ್ರೋಲಿನದು ಬೇರೆ.) ವಸಂತ ಹತ್ತಿಯನ್ನು ಅತ್ತರಿನಲ್ಲಿ ಅದ್ದಿ ಸೀಟಿನ ಸಂದಿಗೆ ಸಿಗಿಸುತ್ತಾನೆ. ಮದುವೆಗಳಲ್ಲಿ ನಾವು ಕಿವಿಗೆ ಸಿಗಿಸಿಕೊಳ್ಳುವುದಿಲ್ಲವೇ, ಹಾಗೆ.

ಮಂಗಳವಾರ ಬೆಳಿಗ್ಗೆ ಊರಾಚೆಯ ಹಡಪಸರದಿಂದ ಆಳು ಬಂದ. ನಮ್ಮ ಸೋದರತ್ತೆಯ ಒಬ್ಬಳೇ ಮಗಳು ಸಿಂಧು ಅಲ್ಲಿ ವಿಷಮಜ್ವರದಿಂದ ಮಲಗಿದ್ದಳು. ಈಗ ಕಣ್ಣೇ ಬಿಡುತ್ತಿಲ್ಲ, ತಾಯಿಯನ್ನು ಬೇಗ ಕಳಿಸಿ ಎಂದು ಅವಳ ಗಂಡ ಹೇಳಿ ಕಳಿಸಿದ್ದ.

ಅತ್ತೆ ಇರುವುದು ನಮ್ಮ ಮನೆಯಲ್ಲಿ. ಸಿಂಧು ಚಿಕ್ಕವಳಿದ್ದಾಗಲೇ ಗಂಡನನ್ನು ಕಳೆದುಕೊಂಡವರು. ಅಂದಿನಿಂದ ಕೆಂಪು ಸೀರೆ, ಬೋಳಿಸಿದ ತಲೆ, ಒಪ್ಪತ್ತಿನ ಊಟ. ಹೂವಿಲ್ಲ, ಗಂಧವಿಲ್ಲ.

ಟಾಂಗಾದಲ್ಲಿ ಹೋದರೆ ತಡವಾದೀತೆಂದು ವಸಂತನನ್ನು ಕರೆಸಿದೆ. ಪಾಪ, ಹಿರಿಯರು ಕೂಡುವವರು, ನಾಯಿಯ ವಾಸನೆ ಬರಬಾರದೆಂದು ಅವನು ಇದ್ದ ಕೇದಗೆ ಅತ್ತರನ್ನೆಲ್ಲ ಸೀಟಿಗೆ ಸುರಿದುಕೊಂಡು ಬಂದ.

ಅತ್ತೆ ಮೋಟಾರಿನ ಬಾಗಿಲಲ್ಲೇ ನಿಂತರು.

“ಇದರಾಗ ಹ್ಯಾಂಗ ಕೂಡಲೋ? ನಾಯಿ ಮುಟ್ಟಿದ್ರ ಸ್ನಾನ ಮಾಡತಿದ್ದೆ. ಇದು ಮೂಗಿನಾಗ ಹೋಗತದಲ್ಲ.”

“ಅತ್ಯಾ, ಅಲ್ಲೆ ಸಿಂಧು ದಾರಿ ನೋಡತಿರತಾಳ,” ಎಂದೆ.

ಸೆರಗಿನಿಂದ ಮೂಗು ಮುಚ್ಚಿಕೊಂಡು ಹತ್ತಿದರು. ಹಡಪಸರ ಬರುವವರೆಗೂ ಕೈ ತೆಗೆಯಲಿಲ್ಲ. ಅಷ್ಟರಲ್ಲಿ ಸೀರೆಗೆಲ್ಲ ಅತ್ತರು ಹತ್ತಿಕೊಂಡಿತ್ತು. ಅದು ನಮಗೆ ಯಾರಿಗೂ ಹೊಳೆಯಲಿಲ್ಲ.

ಸಿಂಧು ಕಣ್ಣು ಮುಚ್ಚಿ ಮಲಗಿದ್ದಳು. ಅತ್ತೆ ಅವಳ ಮೇಲೆ ಬಾಗಿದರು.

“ಅವ್ವಾ,” ಎಂದಳು ಸಿಂಧು, ಕಣ್ಣು ತೆರೆಯದೆಯೇ. “ಕ್ಯಾದಗಿ ಮುಡದೀಯೇನ?”

ಅತ್ತೆ ಅವಳ ಹಣೆ ಸವರಿದರು. “ಹೂಂ ನನ್ನವ್ವ. ಹೆರಳ ತುಂಬ ಮುಡದೀನಿ.”

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಅತ್ತುಬಿಟ್ಟೆ. ಸಂಜೆಯ ಹೊತ್ತಿಗೆ ಸಿಂಧು ಹೋದಳು.

ಹೆಣ ಎತ್ತುವ ಮೊದಲೇ ಅಡುಗೆಮನೆಯ ಬಾಗಿಲಲ್ಲಿ ಬೀಗರ ಕಡೆಯ ಹೆಂಗಸರ ಗುಸುಗುಸು. “ಮಗಳು ಸಾಯೋ ಹೊತ್ತಿನಾಗ ಅತ್ತರ ಹಚಗೊಂಡು ಬಂದಾಳ ನೋಡ್ರಿ. ಮುಡದೀನಿ ಅಂತ ಬಾಯಿಬಿಟ್ಟು ಹೇಳಿದಳು.” ಅತ್ತೆಗೆ ಕೇಳಿಸಲೆಂದೇ ಆಡಿದ ಮಾತು. ನಾನು ಮೋಟಾರು, ನಾಯಿ, ಸಾಹೇಬ ಎಲ್ಲ ವಿವರಿಸಿದೆ. ಯಾರು ಕೇಳುತ್ತಾರೆ? ಹತ್ತಿರ ಕೂತು ಆಕೆಯ ಬೆನ್ನ ಮೇಲೆ ಕೈಯಿಟ್ಟವರು ಒಬ್ಬರೂ ಇಲ್ಲ. ನನಗೆ ಇನ್ನೂ ಮೈ ಉರಿಯುತ್ತದೆ.

ಸೂತಕದ ಸ್ನಾನಕ್ಕೆ ಸೀರೆ ನೆನೆಯಿತು. ವಾಸನೆ ಹೋಯಿತು. ಅತ್ತೆಗೆ ಸಮಾಧಾನವಾಗಿರಬೇಕು ಎಂದುಕೊಂಡಿದ್ದೆ.

ಇವತ್ತು ಬೆಳಿಗ್ಗೆ, ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಕೇಳಿದರು: “ವಸಂತನ ಮೋಟಾರಿನಾಗ ಆ ವಾಸನಿ ಇನ್ನೂ ಅದ ಏನೋ? ಒಂದ ಗಳಿಗಿ ಕೂತು ಬರತಿದ್ದೆ.”

ಮಂದಿಯ ಬಾಯಿಗೆ ಹೆದರಿ ವಸಂತ ನಿನ್ನೆಯೇ ಫಿನೈಲು ಹಾಕಿ ಸೀಟು ತಿಕ್ಕಿ ತೊಳೆದಿದ್ದಾನೆ. ಅತ್ತೆಗೆ ಇದನ್ನು ನಿಮ್ಮಲ್ಲಿ ಯಾರು ಹೇಳುತ್ತೀರಿ?