ಗ್ಯಾಸ್ ಬಂದ್ ಮಾಡಿದ್ಯೇನು?

ಹಾಲು ಕಾಯಿಸುವ ವಿಷಯದಲ್ಲಿ ನಮ್ಮ ಮನೆಯಲ್ಲಿ ನನ್ನನ್ನು ಯಾರೂ ನಂಬುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ನನ್ನ ಹುದ್ದೆಯ ಹೆಸರು ಕೇಳಿ ನೀವು ನನ್ನ ಬಗ್ಗೆ ಏನೋ ದೊಡ್ಡದನ್ನು ಕಲ್ಪಿಸಿಕೊಳ್ಳುವ ಅಪಾಯವಿದೆ. ಗಿಣಿಗೇರಾ ಕಡೆಯ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ನಾನು ಸುರಕ್ಷತಾ ಅಧಿಕಾರಿ. ಅಪಾಯವನ್ನು ಮುಂಚೆಯೇ ಕಾಣುವುದಕ್ಕೆ ಸಂಬಳ ಪಡೆಯುವವನು.

ಪ್ರತಿದಿನ ಬೆಳಗಿನ ಪಾಳಿ ಶುರುವಾಗುವ ಮುಂಚೆ ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿಕೊಂಡು ಹತ್ತು ನಿಮಿಷ ಮಾತಾಡುತ್ತೇನೆ. ಹೆಲ್ಮೆಟ್ ತಲೆಯ ಮೇಲಿರಲಿ, ಮೊಬೈಲು ಕಿಸೆಯಲ್ಲಿರಲಿ, ಮನಸ್ಸು ಕೆಲಸದಲ್ಲಿರಲಿ. ಹದಿನೆಂಟು ವರ್ಷ ಇದನ್ನೇ ಹೇಳಿ ಹೇಳಿ ಅದು ನನ್ನ ಮೈಗೆ ಹತ್ತಿಬಿಟ್ಟಿದೆ. ಮದುವೆಮನೆಗೆ ಹೋದರೂ ಮೊದಲು ನೋಡುವುದು ಹೊರಹೋಗುವ ಬಾಗಿಲು ಎಲ್ಲಿದೆ ಎಂದು. ಊಟದ ಪಂಕ್ತಿಯಲ್ಲಿ ಕೂತಾಗ ಕಣ್ಣು ಅಡುಗೆಯವರ ಸಿಲಿಂಡರುಗಳ ಮೇಲೆ. ಒಮ್ಮೆ ಕುಷ್ಟಗಿಯಲ್ಲಿ ಗೆಳೆಯನ ಮಗಳ ಮದುವೆಗೆ ಹೋದವನು, ಒಲೆಯ ಪಕ್ಕದಲ್ಲೇ ಅಡ್ಡ ಮಲಗಿಸಿದ್ದ ಸಿಲಿಂಡರನ್ನು ಎತ್ತಿ ನಿಲ್ಲಿಸಿ ದೂರ ಇಡಿಸುವಷ್ಟರಲ್ಲಿ ಹೋಳಿಗೆ ಖಾಲಿಯಾಗಿತ್ತು. ಗೆಳೆಯ ಈಗಲೂ ಅದನ್ನು ಹೇಳಿ ನಗುತ್ತಾನೆ. ನಾನು ಮಾತ್ರ ಆ ಹೋಳಿಗೆ ನೆನೆದು ನಗಲಾರೆ.

ಇಂಥವನ ಸ್ವಂತ ಅಡುಗೆಮನೆ ಹೇಗಿರಬೇಕು ಹೇಳಿ? ಕೊಪ್ಪಳದಲ್ಲಿರುವ ನಮ್ಮ ಸಣ್ಣ ಮನೆಯ ಆ ಕೋಣೆ ಇಬ್ಬರು ಹೆಂಗಸರ ಆಡಳಿತಕ್ಕೆ ಸೇರಿದ್ದು. ಒಬ್ಬಾಕೆ ನನ್ನ ಹೆಂಡತಿ ಸುವರ್ಣಾ. ಗಂಗಾವತಿ ಕಡೆಯ ಮರಳಿಯವಳು, ಕಾಲುವೆ ನೀರಿನ ಗದ್ದೆಯ ನಾಡಿನಿಂದ ಬಂದವಳು. ಅನ್ನ ಉಣ್ಣದಿದ್ದರೆ ಅವಳಿಗೆ ಉಂಡಂತೆಯೇ ಆಗುವುದಿಲ್ಲ. ಇನ್ನೊಬ್ಬಳು ನಮ್ಮವ್ವ ನೀಲವ್ವ. ಯಲಬುರ್ಗಾ ಕಡೆಯ ಬೇವೂರಿನವಳು, ಜೋಳದ ರೊಟ್ಟಿಯ ಹೊರತು ಉಳಿದುದೆಲ್ಲ ಅವಳ ಲೆಕ್ಕದಲ್ಲಿ ಫಳಾರ. ಹೀಗಾಗಿ ನಮ್ಮ ಎರಡು ಬರ್ನರಿನ ಒಲೆಯಲ್ಲಿ ಎಡಗಡೆಯದು ಅನ್ನದ್ದು, ಬಲಗಡೆಯದು ರೊಟ್ಟಿಯದು. ಹದಿನೈದು ವರ್ಷದಿಂದ ಗಡಿ ತಕರಾರಿಲ್ಲ.

ಅವ್ವ ಗ್ಯಾಸಿಗೆ ಒಗ್ಗಿಕೊಂಡದ್ದು ತಡವಾಗಿ. ಕಟ್ಟಿಗೆ ಒಲೆಯ ಕಾಲದಲ್ಲಿ ಬೆಂಕಿ ಗುಟ್ಟು ಮಾಡುತ್ತಿರಲಿಲ್ಲ. ಇದ್ದರೆ ಹೊಗೆ, ಆರಿದರೂ ಹೊಗೆ. ಗ್ಯಾಸು ಹಾಗಲ್ಲ. ಉರಿಯುವಾಗಲೂ ಸದ್ದಿಲ್ಲ, ಆರಿದಾಗಲೂ ಸುದ್ದಿಯಿಲ್ಲ. "ಈ ಬೆಂಕಿ ಭಾಳ ಮಳ್ಳ ಐತಿ, ಮಾತಾಡಂಗಿಲ್ಲ" ಎಂದು ಅವಳು ಮೊದಮೊದಲು ದೂರುತ್ತಿದ್ದಳು. ಆಗ ನಾನು ಕಾರ್ಖಾನೆಯ ದನಿ ತೆಗೆದು ಅವಳಿಗೆ ಪಾಠ ಮಾಡಿದ್ದೆ. ಈ ಗ್ಯಾಸಿಗೆ ಸ್ವಂತ ವಾಸನೆಯೇ ಇಲ್ಲವ್ವಾ, ಸೋರಿದರೆ ಜನಕ್ಕೆ ಗೊತ್ತಾಗಲಿ ಎಂದು ಕೊಳೆತ ಕೋಸಿನಂಥ ಒಂದು ಕೆಟ್ಟ ವಾಸನೆಯನ್ನು ಬೇಕಂತಲೇ ಬೆರೆಸಿರುತ್ತಾರೆ. ಅದು ಗಾಳಿಗಿಂತ ಭಾರ, ಮೇಲೆ ಏರುವುದಿಲ್ಲ, ನೆಲ ಹಿಡಿದು ಹರಡುತ್ತದೆ. ಆ ವಾಸನೆ ಬಂದರೆ ಕಡ್ಡಿ ಕೊರೆಯಬಾರದು, ಲೈಟಿನ ಬಟನ್ ಹಾಕಲೂಬಾರದು, ಆರಿಸಲೂಬಾರದು. ಬಟನ್ ಒತ್ತಿದಾಗ ಹಾರುವ ಸಣ್ಣ ಕಿಡಿಯೇ ಸಾಕು. ಸಿಲಿಂಡರ್ ಬಂದ್ ಮಾಡಿ ಬಾಗಿಲು ಕಿಟಕಿ ತೆಗೆದು ಹೊರಗೆ ಬಂದುಬಿಡಬೇಕು. ಅವ್ವ ಹಿಟ್ಟು ನಾದುತ್ತ ಎಲ್ಲ ಕೇಳಿದಳು. "ಅಂದ್ರ ಅದರ ಮಾತು ಮೂಗಿಗೆ ಕೇಳಸ್ತೈತಿ ಅನ್ನು" ಎಂದಳು. ನನ್ನ ಹತ್ತು ನಿಮಿಷದ ಭಾಷಣವನ್ನು ಇಷ್ಟು ಚಿಕ್ಕದಾಗಿ ಯಾವ ಇಂಜಿನಿಯರೂ ಮಾಡಿರಲಿಲ್ಲ.

ಈ ಎರಡು ಮೂರು ವರ್ಷದಲ್ಲಿ ಅವ್ವನ ಜಾಗರೂಕತೆ ಅತಿಯಾಯಿತು ಎಂದು ನನಗೆ ಅನಿಸತೊಡಗಿತ್ತು. ಕಡ್ಡಿಪೆಟ್ಟಿಗೆ, ಲೈಟರ್ ಎರಡೂ ಅಡುಗೆಮನೆಯಿಂದ ಗಡಿಪಾರಾಗಿ ಹೊರಕೋಣೆಯ ಗೂಡಿಗೆ ಬಂದಿದ್ದವು. ಚಹಾ ಬೇಕೆಂದರೂ ಗೂಡಿನವರೆಗೆ ಯಾತ್ರೆ ಹೋಗಿ ಬರಬೇಕು. ಮೊಣಕಾಲು ನೋವಿದ್ದರೂ ಪ್ರತಿಸಲ ಬಗ್ಗಿ ಸಿಲಿಂಡರಿನ ರೆಗ್ಯುಲೇಟರ್ ತಿರುವುತ್ತಿದ್ದಳು. ಒಳಗೆ ಹೋದೊಡನೆ ಒಲೆಯ ಎರಡೂ ನಾಬುಗಳನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದಳು, ಎಳೆಗೂಸಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಮೇಲಿಂದ "ಗ್ಯಾಸ್ ಬಂದ್ ಮಾಡಿದ್ಯೇನು?" ಎಂದು ಸುವರ್ಣಾಳನ್ನು ದಿನಕ್ಕೆ ಹತ್ತು ಸಲ ಕೇಳುವುದು. ವಯಸ್ಸಾದವರಿಗೆ ಒಂದೊಂದು ಚಾಳಿ ಹತ್ತುತ್ತದೆ ಎಂದು ನಾನು ನಕ್ಕು ಸುಮ್ಮನಾಗುತ್ತಿದ್ದೆ. ಸುವರ್ಣಾ ಮಾತ್ರ ನಗುತ್ತಿರಲಿಲ್ಲ. ಪ್ರತಿಸಲವೂ "ಹೌದ್ರಿ ಅತ್ತಿ, ಮಾಡೀನ್ರಿ" ಎಂದು ಉತ್ತರ ಕೊಡುತ್ತಿದ್ದಳು.

ಕಳೆದ ಮಾಘದಲ್ಲಿ ಸುವರ್ಣಾಳ ಅಣ್ಣ ಮರಳಿಯಲ್ಲಿ ಹೊಸ ಮನೆಯ ವಾಸ್ತುಶಾಂತಿ ಇಟ್ಟುಕೊಂಡ. ನಾಲ್ಕು ದಿನಕ್ಕೆಂದು ಹೊರಟವಳು ಬಾಗಿಲಲ್ಲಿ ನಿಂತು ನನಗೆ ಎರಡು ಮಾತು ಹೇಳಿದಳು. "ಹಾಲಿಟ್ಟ ಮ್ಯಾಲೆ ಅಲ್ಲೇ ನಿಂದರ್ರಿ, ಆಚೀಚೆ ಹೋಗಬ್ಯಾಡ್ರಿ. ಸಂಜಿಮುಂದ ಅತ್ತಿ ದೀಪ ಹಚ್ಚೂ ಹೊತ್ತಿಗೆ ನೀವು ಮನ್ಯಾಗ ಇರ್ರಿ."

"ಸುರಕ್ಷತೆ ಬಗ್ಗೆ ನನಗ ಹೇಳ್ತೀ?" ಎಂದೆ.

"ನಿಮಗ ಹೇಳ್ತೀನಿ" ಎಂದು ಬಸ್ಸಿಗೆ ಹೋದಳು.

ಎರಡನೆಯ ದಿನ ಸಂಜೆ ಹಾಲು ಒಲೆಯ ಮೇಲಿಟ್ಟು, ಅಲ್ಲೇ ನಿಂತಿದ್ದೆ. ನಿಜವಾಗಿಯೂ ನಿಂತಿದ್ದೆ. ಅಷ್ಟರಲ್ಲಿ ಕಾರ್ಖಾನೆಯಿಂದ ಫೋನು ಬಂತು. ಯಾರೋ ಒಬ್ಬ ಏಣಿಗೆ ಹಗ್ಗ ಕಟ್ಟದೆ ಹತ್ತಿದ್ದನಂತೆ. ಒಳಗೆ ಸಿಗ್ನಲ್ ಸರಿಯಿಲ್ಲವೆಂದು ಅಂಗಳಕ್ಕೆ ಬಂದೆ. ಒಂದು ನಿಮಿಷದ ಅಜಾಗರೂಕತೆ ಏನು ಮಾಡಬಲ್ಲದು ಎಂದು ಆ ಕಡೆಯವನಿಗೆ ಕಾಲು ಗಂಟೆ ವಿವರಿಸಿದೆ. ನನ್ನ ಮಾತು ನನಗೇ ಛಲೋ ಅನಿಸುತ್ತಿತ್ತು.

ಹಿಂದಿನ ಬಾಗಿಲಿನ ಅಗುಳಿ ತೆಗೆದ ಸದ್ದಾಯಿತು. ಅವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಮನೆ ಸುತ್ತಿ ನನ್ನ ಹತ್ತಿರ ಬಂದಳು. ಓಡಿ ಬರಲಿಲ್ಲ, ಕೂಗಲಿಲ್ಲ.

"ಶರಣಾ, ಫೋನ್ ಇಡು. ಹಾಲು ಉಕ್ಕಿ ಒಲಿ ಆರೈತಿ. ಗ್ಯಾಸ್ ಹಂಗ ಬಿಟ್ಟಿತ್ತು. ಬಂದ್ ಮಾಡೀನಿ, ಕೆಳಗ ಸಿಲಿಂಡರನೂ ಬಂದ್ ಮಾಡೀನಿ."

ಅವಳನ್ನು ಅಲ್ಲೇ ನಿಲ್ಲಿಸಿ ನಾನು ಒಳಗೆ ನುಗ್ಗಿದೆ. ಬಾಗಿಲು ದಾಟುವಷ್ಟರಲ್ಲಿ ಆ ಕೆಟ್ಟ ವಾಸನೆ ಮುಖಕ್ಕೆ ಬಡಿಯಿತು. ಹಾಲು ಕಟ್ಟೆಯಿಂದ ಇಳಿದು ನೆಲದವರೆಗೆ ಹರಿದಿತ್ತು. ಮಬ್ಬುಗತ್ತಲೆ. ವಾಸನೆ ಹೊರಗೆ ಹೋಗಲಿ ಎಂದು ನನ್ನ ಕೈ ತಾನಾಗಿಯೇ ಗೋಡೆಯ ಮೇಲಿನ ಫ್ಯಾನಿನ ಬಟನ್ನಿಗೆ ಹೋಯಿತು. ಹದಿನೆಂಟು ವರ್ಷ ಸಾವಿರಾರು ಜನಕ್ಕೆ ಮುಟ್ಟಬೇಡಿ ಎಂದು ಹೇಳಿದ ಕೈ.

"ಮುಟ್ಟಬ್ಯಾಡ" ಎಂದಳು ಅವ್ವ, ನನ್ನ ಬೆನ್ನ ಹಿಂದಿನಿಂದ. ನಿಲ್ಲು ಎಂದರೂ ನಿಂತಿರಲಿಲ್ಲ. "ಕಿಡಕಿ ತಗಿ. ಹೊರಗ ನಡಿ."

ಕಿಟಕಿ ತೆಗೆದೆ. ಹೊರಗೆ ನಡೆದೆ. ಇಬ್ಬರೂ ಅಂಗಳದ ಕಲ್ಲಿನ ಮೇಲೆ ಕೂತೆವು. ಅವ್ವ ದೀಪ ಹಚ್ಚಲು ಹೋದವಳು. ದೇವರ ಜಗಲಿ ಇರುವುದು ಅಡುಗೆಮನೆಯ ಮೂಲೆಯಲ್ಲೇ. ಅವಳ ಕೈಯಲ್ಲಿ ಕಡ್ಡಿಪೆಟ್ಟಿಗೆ ಇದ್ದಿದ್ದರೆ ಎಂಬಲ್ಲಿಗೆ ಬಂದು ನನ್ನ ಯೋಚನೆ ನಿಂತುಹೋಗುತ್ತಿತ್ತು. ಆ ಹೆದರಿಕೆಯಲ್ಲೇ ಸ್ವಲ್ಪ ಸಿಡುಕಿನಿಂದ ಕೇಳಿದೆ: "ಇಷ್ಟ್ ವಾಸನಿ ಬರಾಕತ್ತೈತಿ. ಬಂದ ಕೂಡ್ಲೆ ನನ್ನ ಕರೀಬೇಕಿಲ್ಲೇನವ್ವಾ?"

ಅವ್ವ ನನ್ನ ಮುಖ ನೋಡಿದಳು. "ವಾಸನಿ ಬರಾಕತ್ತೈತೇನು?" ಎಂದಳು.

ಹೀಗೆ ಗೊತ್ತಾಯಿತು. ಮೂರು ವರ್ಷದ ಹಿಂದೆ ಅವಳಿಗೆ ಒಂದು ಕೆಟ್ಟ ಜ್ವರ ಬಂದು ಹೋಗಿತ್ತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಕೊಂಡೊಯ್ದಿತ್ತು. ಮಲ್ಲಿಗೆ ಇಲ್ಲ, ಒಗ್ಗರಣೆ ಇಲ್ಲ, ಸೀದದ್ದು ಇಲ್ಲ, ಗ್ಯಾಸೂ ಇಲ್ಲ. ಅದಕ್ಕಾಗಿಯೇ ಅವಳು ಬೇರೆ ದಾರಿ ಕಟ್ಟಿಕೊಂಡಿದ್ದಳು. ಮೂಗು ಹೇಳದ್ದನ್ನು ಕೈ ಹೇಳಲಿ ಎಂದು ನಾಬು ಮುಟ್ಟುವುದು. ಬೆಂಕಿ ತರುವ ಮುಂಚೆ ಒಲೆ ನೋಡಿ ಬರುವಂತಾಗಲಿ ಎಂದು ಕಡ್ಡಿಪೆಟ್ಟಿಗೆಯನ್ನು ಹೊರಕೋಣೆಯಲ್ಲಿಡುವುದು. ನಾನು ಚಾಳಿ ಎಂದು ನಕ್ಕದ್ದೆಲ್ಲ ಅವಳು ಯಾರ ತರಬೇತಿಯೂ ಇಲ್ಲದೆ ತಾನೇ ಮಾಡಿಕೊಂಡ ನಿಯಮಗಳು. ಆ ಸಂಜೆಯೂ ಬರಿಗೈಯಲ್ಲೇ ಒಳಗೆ ಹೋಗಿ, ನಾಬು ಮುಟ್ಟಿ, ತಿರುಗಿರುವುದು ತಿಳಿದು, ಬಂದ್ ಮಾಡಿ ಬಂದಿದ್ದಳು.

ಇಷ್ಟು ಕೇಳಿದ ಮೇಲೆ ಮಗನಾದವನು ಅವಳ ಕಾಲು ಮುಟ್ಟಬೇಕಿತ್ತು. ನಾನು ಅಧಿಕಾರಿಯಾದೆ. "ಇನ್ನ ಮ್ಯಾಲೆ ನೀ ಅಡಿಗಿಮನಿಗೆ ಹೋಗಬ್ಯಾಡ. ಸುವರ್ಣಾ ಬರೂತನಕ ನಾ ಖಾನಾವಳಿಯಿಂದ ತರ್ತೀನಿ" ಎಂದೆ. ಕಾರ್ಖಾನೆಯಲ್ಲಿ ಕಣ್ಣು ಮಂದವಾದವನನ್ನು ಕ್ರೇನಿನಿಂದ ಇಳಿಸುವುದಿಲ್ಲವೇ, ಹಾಗೆ.

ಆಮೇಲೆ ಸುವರ್ಣಾಳಿಗೆ ಫೋನು ಮಾಡಿದೆ. ಅವಳು ಎಲ್ಲ ಕೇಳಿ, ಅವ್ವ ಹುಷಾರಾಗಿದ್ದಾಳೆಂದು ಎರಡು ಸಲ ಖಾತ್ರಿ ಮಾಡಿಕೊಂಡು, "ನನಗ ಗೊತ್ತಿತ್ರಿ" ಎಂದಳು.

"ಗೊತ್ತಿತ್ತು? ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಏನ್ ಮಾಡ್ತಿದ್ರಿ? ಅತ್ತಿನ್ನ ಅಡಿಗಿಮನಿ ಬಿಡಿಸ್ತಿದ್ರಿ. ಅದಕ್ಕ ಅವರು ಹೇಳಬ್ಯಾಡ ಅಂತ ಆಣಿ ಹಾಕಿಸ್ಯಾರ." ಸ್ವಲ್ಪ ತಡೆದು, "ಬಿಡಿಸೀರೇನು?" ಎಂದು ಕೇಳಿದಳು. ಸಿಗ್ನಲ್ ಸರಿಯಿಲ್ಲ ಎಂದು ಫೋನು ಇಟ್ಟೆ.

ಮರುದಿನ ರಜೆ ಹಾಕಿ ಗ್ಯಾಸ್ ರಿಪೇರಿಯವನನ್ನು ಕರೆಸಿದೆ. ಅವನು ಸಾಬೂನು ನೊರೆ ಸವರಿ ಪೈಪು ನೋಡಿದ. ರೆಗ್ಯುಲೇಟರಿನ ಬುಡದಲ್ಲಿ ಸಣ್ಣ ಗುಳ್ಳೆಗಳು ಎದ್ದವು. "ಪೈಪಿನ ಮ್ಯಾಲೆ ತಾರೀಖ ಬರದಿರ್ತಾರಲ್ರಿ ಸರ, ನೋಡಿಲ್ರೇನು? ಇದರ ಮುದತ್ ಮುಗದು ಎರಡು ವರ್ಷ ಆತು" ಎಂದ. ರಜೆಯಿದ್ದರೂ ಅಭ್ಯಾಸಬಲದಿಂದ ಹಾಕಿಕೊಂಡಿದ್ದ ಕಾರ್ಖಾನೆಯ ಗುರುತಿನ ಚೀಟಿ ಕೊರಳಲ್ಲಿ ನೇತಾಡುತ್ತಿತ್ತು. ಮೆಲ್ಲಗೆ ಅಂಗಿಯೊಳಗೆ ಇಳಿಬಿಟ್ಟುಕೊಂಡೆ. ಅವನು ಹೊಸ ಪೈಪು ಹಾಕಿ, ಮತ್ತೆ ನೊರೆ ಸವರಿ, ಗುಳ್ಳೆ ಏಳಲಿಲ್ಲವೆಂದು ತೋರಿಸಿ ಹೋದ.

ಮಧ್ಯಾಹ್ನ ಖಾನಾವಳಿಯ ರೊಟ್ಟಿ ತಂದಿಟ್ಟೆ. ಅವ್ವ ಅದನ್ನು ಮುರಿದು, ಎರಡು ತುತ್ತು ತಿಂದು, ತಾಟು ಸರಿಸಿದಳು. ಸಿಟ್ಟಿರಲಿಲ್ಲ. ಮನೆಗೆ ಬಂದ ನೆಂಟರ ಹಾಗೆ ಕೂತಿದ್ದಳು, ಅದೇ ಕಷ್ಟವಾಗಿತ್ತು.

"ಶರಣಾ, ಒಂದ್ ಮಾತ ಕೇಳ್ತೀನಿ" ಎಂದಳು. "ನಿನ್ನೆ ಹಾಲಿಟ್ಟಾವ ಯಾರು?"

"ನಾನು."

"ಬಿಟ್ಟು ಹೋದಾವ?"

"ನಾನ."

"ಪಂಖಾದ ಬಟನ್ನಿಗೆ ಕೈ ಹಾಕಿದಾವ?"

ನಾನು ಅವಳು ಸರಿಸಿದ ತಾಟನ್ನು ಎತ್ತಿಕೊಂಡೆ.

"ಮತ್ತ ಅಡಿಗಿಮನಿ ಬಂದ್ ಆಗಿದ್ದು ನನಗ್ಯಾಕ?"

ನಾನು ಕಾರ್ಖಾನೆಯಲ್ಲಿ ಎಷ್ಟೋ ಅಪಘಾತಗಳ ವಿಚಾರಣೆ ನಡೆಸಿದ್ದೇನೆ. ಇಷ್ಟು ಬೇಗ ಮುಗಿದ ವಿಚಾರಣೆ ಇದೊಂದೇ. ಮೂಗು ಇದ್ದವನು ಮೂಗನ್ನೇ ನಂಬಿ ಆರಾಮಾಗಿ ಅಂಗಳದಲ್ಲಿ ಭಾಷಣ ಮಾಡುತ್ತಿದ್ದ. ಮೂಗು ಇಲ್ಲದವಳು ಎಲ್ಲವನ್ನೂ ಮುಟ್ಟಿ, ನೋಡಿ, ಕೇಳಿ ನಡೆಯುತ್ತಿದ್ದಳು. ಅವಳು ಕ್ರೇನಿನಿಂದ ಇಳಿಸಬೇಕಾದ ಕೆಲಸಗಾರ್ತಿಯಲ್ಲ, ನನ್ನಂಥವರಿಗೆ ಕಲಿಸಬೇಕಾದವಳು. ನನಗೆ ನಾಚಿಕೆಯಾಯಿತು. ಜೊತೆಗೆ, ಹೇಳುವುದಕ್ಕೆ ಸಂಕೋಚವೇನು, ಇಂಥವಳ ಮಗ ಎಂದು ಹೆಮ್ಮೆಯೂ ಆಯಿತು.

"ತಪ್ಪಾತವ್ವಾ" ಎಂದೆ. "ಸಂಜೀಕ ರೊಟ್ಟಿ ಮಾಡ್ತೀಯೇನು?"

"ಹಿಟ್ಟು ಜರಡಿ ಹಿಡದಿಟ್ಟೀನಿ" ಎಂದಳು. ಬೆಳಿಗ್ಗೆಯೇ ಹಿಡಿದಿಟ್ಟಿದ್ದಳಂತೆ. ವಿಚಾರಣೆಯ ಫಲಿತಾಂಶದ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ.

ಅವಳನ್ನು ದವಾಖಾನೆಗೂ ಕರೆದುಕೊಂಡು ಹೋದೆ. ಕೆಲವರಿಗೆ ಜ್ವರದ ನಂತರ ಹೀಗಾಗುತ್ತದೆ, ಇಷ್ಟು ವರ್ಷದ ಮೇಲೆ ವಾಸನೆ ತಿಳಿಯುವ ಶಕ್ತಿ ತಿರುಗಿ ಬರುವ ಭರವಸೆ ಕೊಡಲಾರೆ ಎಂದರು ಡಾಕ್ಟರು. ಅಡುಗೆಮನೆಯ ನಿಯಮಗಳನ್ನು ಕೇಳಿ, ಹೀಗೇ ನಡೆಸಿಕೊಂಡು ಹೋಗಿ ಎಂದರು. ನಾನು ಗ್ಯಾಸ್ ಸೋರಿದರೆ ಕೂಗುವ ಯಂತ್ರವೊಂದನ್ನು ತಂದು ನೆಲದಿಂದ ಗೇಣೆತ್ತರದಲ್ಲಿ ಗೋಡೆಗೆ ಹಾಕಿಸಿದೆ. ಮೊದಲ ದಿನ ಅದು ಊದಿನಕಡ್ಡಿಯ ಹೊಗೆಗೇ ಬಾಯಿ ಮಾಡಿತು. "ಇದಕ್ಕ ಮೂಗೈತಿ, ಬುದ್ಧಿ ಇಲ್ಲ" ಎಂದಳು ಅವ್ವ. ಆದರೂ ಇರಲಿ ಎಂದು ಒಪ್ಪಿದಳು. ಮರಳಿಯಿಂದ ಬಂದ ಸುವರ್ಣಾ ಯಂತ್ರವನ್ನೂ ಹೊಸ ಪೈಪನ್ನೂ ನೋಡಿ, ನನ್ನನ್ನೂ ನೋಡಿ, ಸುಮ್ಮನೆ ಅಕ್ಕಿ ತೊಳೆಯಲು ಕೂತಳು. ಅದು ಕ್ಷಮೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಈಗ ಗುಟ್ಟು ಇಲ್ಲದಿರುವುದರಿಂದ ಅವ್ವ ನಿರಾಳವಾಗಿ ನನ್ನ ಮೂಗನ್ನು ಕೆಲಸಕ್ಕೆ ಹಚ್ಚುತ್ತಾಳೆ. ಮೊನ್ನೆ ರವಿವಾರ ಅಗಸಿ ಚಟ್ನಿಪುಡಿಗೆಂದು ಹಂಚಿನ ಮೇಲೆ ಅಗಸಿ ಬೀಜ ಹುರಿಯುತ್ತ, "ವಾಸನಿ ಹೆಂಗ ಬರಾಕತ್ತೈತಿ ಹೇಳು" ಎಂದಳು. ನಾನು ಮೂಗು ಚಾಚಿದೆ. ಛಲೋ ಬರಾಕತ್ತೈತಿ ಎಂದೆ. "ಛಲೋ ಅಂದ್ರ? ಹಸಿ ಐತೋ, ಹುರದೈತೋ, ಎಣ್ಣಿ ಬಿಟ್ಟೈತೋ?" ಐವತ್ತು ವರ್ಷ ಈ ಪುಡಿ ತಿಂದವನಿಗೆ ಹೇಳಲು ಮಾತೇ ಸಿಗಲಿಲ್ಲ. ಮತ್ತೊಮ್ಮೆ, ಈ ಸಲ ಕಣ್ಣು ಮುಚ್ಚಿಕೊಂಡು, ನಿಧಾನವಾಗಿ ಉಸಿರೆಳೆದೆ. ಮೊದಲು ಒಣ ಹುಲ್ಲಿನಂಥದ್ದು, ಅದರ ಹಿಂದೆ ಬೆಣ್ಣೆ ಕಾಯಿಸಿದಂಥದ್ದು, ಅದರ ತುದಿಗೆ ಸ್ವಲ್ಪ ಕಹಿ. ಹಾಗೆಯೇ ಹೇಳಿದೆ. ಅವ್ವ ತಲೆದೂಗಿದಳು, ಬಹಳ ದಿನದ ಮೇಲೆ ಊರಿನ ಸುದ್ದಿ ಕೇಳಿದವಳ ಹಾಗೆ.

"ಇಳಸ್ಲೇನು?" ಎಂದು ಕೇಳಿದೆ. ಅವಳು ಕೈ ಅಡ್ಡ ಹಿಡಿದು ಹಂಚಿನ ಕಡೆ ಕಿವಿ ವಾಲಿಸಿದಳು. ಅಗಸಿ ಸಿಡಿಯುವ ಚಿಟಿಚಿಟಿ ಇನ್ನೂ ನಿಂತಿರಲಿಲ್ಲ.

"ತಡಿ" ಎಂದಳು. "ನಿನ್ನ ಮೂಗು ಇನ್ನ ಎಳೀದು ಐತಿ."