ಮೂಕ ಟೀವಿಯೂ ಕೂಗಣ್ಣನ ಸ್ಟೂಲೂ

ನಮ್ಮ ಆಲೂಗಡ್ಡೆ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವವನು ಕೂಗಣ್ಣ. ತಗಡಿನ ಚಾವಣಿಯ ಕೆಳಗೆ, ಕಾಲಿಗೆ ಹಗ್ಗ ಸುತ್ತಿದ ಎತ್ತರದ ಸ್ಟೂಲಿನ ಮೇಲೆ ಕೂತು ಅವನು ‘ಒಂದು ಸಲ’ ಎಂದರೆ ತೊಲೆಯ ಮೇಲಿನ ಪಾರಿವಾಳಗಳು ಜಾಗ ಬದಲಿಸುತ್ತವೆ. ‘ಎರಡು ಸಲ’ವನ್ನು ಎಳೆಯುತ್ತಾ ಎದುರಿಗಿರುವ ವ್ಯಾಪಾರಿಯ ಮುಖ ನೋಡುತ್ತಾನೆ, ‘ನಿಮ್ಮ ತಂದೆ ಇದ್ದಿದ್ದರೆ ಇಷ್ಟಕ್ಕೇ ನಿಲ್ಲಿಸುತ್ತಿದ್ದರೇ’ ಎಂದು ಕೇಳುವ ನೋಟ. ನನ್ನ ತಂದೆ ಅದಕ್ಕಿಂತ ಬಹಳ ಮೊದಲೇ ನಿಲ್ಲಿಸುತ್ತಿದ್ದರು. ಆದರೂ ಆ ನೋಟಕ್ಕೆ ಸೋತು ನಾನು ಎಷ್ಟೋ ಸಲ ದರ ಏರಿಸಿ, ಮನೆಗೆ ಹೋಗಿ ಹೆಂಡತಿಯ ಮೇಲೆ ರೇಗಿದ್ದೇನೆ.

ಆ ಸ್ಟೂಲು ಅವನಿಗೆ ಬಂದ ಬಗೆ ಮಾರುಕಟ್ಟೆಗೆಲ್ಲ ಗೊತ್ತು. ಮೊದಲು ಕೂಗುತ್ತಿದ್ದವರು ಅವನ ಮಾವ. ಒಂದು ಬೆಳಿಗ್ಗೆ ಅವರಿಗೆ ಕೆಮ್ಮು ಬಂತು. “ಇವತ್ತೊಂದು ದಿನ ನಾನು ಕೂಗ್ತೀನಿ ಮಾವ, ನೀವು ಸುಧಾರಿಸ್ಕೊಳ್ಳಿ” ಎಂದು ಅಳಿಯ ಹತ್ತಿ ಕೂತ. ಮಾವ ಬದುಕಿದ್ದಷ್ಟು ಕಾಲ ಸುಧಾರಿಸಿಕೊಳ್ಳುತ್ತಲೇ ಇದ್ದರು.

ಹಾಗಾಗಿ ಕೂಗಣ್ಣನ ಗಂಟಲೇ ಒಡೆದು, ಡಾಕ್ಟರು “ನಾಳೆಯಿಂದ ಒಂದು ತಿಂಗಳು ಮೌನ, ಪಿಸುಮಾತೂ ಬೇಡ” ಎಂದಾಗ ಅವನಿಗೆ ಹೆದರಿಕೆಯಾದದ್ದು ಗಂಟಲಿನ ಬಗ್ಗೆ ಅಲ್ಲ. ಅವನ ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ, ಅದೇ ಮಾರುಕಟ್ಟೆಯಲ್ಲಿ ತಕ್ಕಡಿ ನೋಡಿಕೊಳ್ಳುತ್ತಿದ್ದ. ಅವನ ದನಿ ಎಣ್ಣೆ ಕಾಣದ ಬಾಗಿಲಿನದು. ಕೂಗಣ್ಣ ಡಾಕ್ಟರ ಬಳಿಯಿಂದ ಮನೆ ಸೇರುವಷ್ಟರಲ್ಲಿ ಷಡ್ಡಕ ಹಣ್ಣಿನ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದ.

“ನೀವೇನೂ ಯೋಚನೆ ಮಾಡ್ಬೇಡಿ ಅಣ್ಣ. ನಾಳೆ ಒಂದು ದಿನ ನಾನು...”

ಕೂಗಣ್ಣ ಹಣ್ಣು ತೆಗೆದುಕೊಂಡು ಬಾಗಿಲು ಹಾಕಿದ.

ಉಪಾಯ ಹೇಳಿದವಳು ಮಗಳು. ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸ ಅವಳದು. ಬಿಡುವಿನಲ್ಲಿ ಸೋಪಿನ ಡಬ್ಬಿಯಷ್ಟಿರುವ ಒಂದು ಕಂಪ್ಯೂಟರನ್ನು ಬಿಚ್ಚಿ ಜೋಡಿಸುವ ಹುಚ್ಚು. ಆ ಸಂಜೆ, ಇನ್ನೂ ಉಳಿದಿದ್ದ ದನಿಯಲ್ಲಿ ಅಪ್ಪನ ಬಾಯಿಂದ ದರಗಳನ್ನೆಲ್ಲ ಹೇಳಿಸಿ ಅದರೊಳಗೆ ತುಂಬಿದಳು. ಗುಂಡಿ ಒತ್ತಿದರೆ ಪರದೆಯ ಮೇಲೆ ಅಂಕಿ, ಜೊತೆಗೆ ಕೂಗಣ್ಣನ ಕೂಗು. ಮನೆಯ ಹಳೆಯ ಪರದೆಗೆ ದನಿಯಿಲ್ಲದ್ದರಿಂದ ಡಬ್ಬಿಯ ಪಕ್ಕದ ತೂತಿಗೆ ಪುಟ್ಟ ಸ್ಪೀಕರ್ ಸಿಕ್ಕಿಸಿ ಪರೀಕ್ಷಿಸಿದರು. ಅಡುಗೆಮನೆಯಿಂದ ಹೆಂಡತಿ ಬಂದು ನೋಡಿ, “ಮನೇಲಿ ಒಬ್ರು ಸಾಲದು ಅಂತ ಇಬ್ಬರನ್ನ ಮಾಡಿದ್ಯೇನೇ?” ಎಂದಳಂತೆ.

ಮಾರುಕಟ್ಟೆಯ ಗೋಡೆಯಲ್ಲಿ ಒಂದು ದೊಡ್ಡ ಟೀವಿಯಿದೆ. ದರ ತೋರಿಸಲು ಸಂಘ ಕೊಂಡದ್ದು. ಈವರೆಗೆ ಪಂದ್ಯ ಬಿಟ್ಟು ಬೇರೇನನ್ನೂ ತೋರಿಸಿಲ್ಲ. ಸಂಘದ ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ, “ಒಂದು ಬೆಳಿಗ್ಗೆ ನೋಡೋಣ. ಸದ್ದು ಬಂದ್ರೆ ಸ್ಟೂಲು ನಿಂದೇ. ಬರ್ಲಿಲ್ಲ ಅಂದ್ರೆ ನಿನ್ನ ಷಡ್ಡಕ ಇದ್ದಾನಲ್ಲ” ಎಂದರು.

ಮರುದಿನ ಮಗಳು ಕೆಲಸಕ್ಕೆ ಹೋದಳು. ಕೂಗಣ್ಣ ಡಬ್ಬಿಯನ್ನೂ ಅದರ ಮೌಸನ್ನೂ ಕರವಸ್ತ್ರದಲ್ಲಿ ಸುತ್ತಿ ತಂದ. ಟೀವಿಗೆ ತಂತಿ ಸಿಕ್ಕಿಸಿ ಗುಂಡಿ ಒತ್ತಿದ. ಕುಂಬಳಕಾಯಿ ಗಾತ್ರದ ಅಂಕಿ ಮೂಡಿತು. ಸದ್ದು ಮಾತ್ರ ಇಲ್ಲ.

ಆಲೂಗಡ್ಡೆಯ ಬಗ್ಗೆ ನಮ್ಮಲ್ಲಿ ಒಮ್ಮತ ಬಂದದ್ದೇ ಇಲ್ಲ, ಟೀವಿಯ ಬಗ್ಗೆ ಎಲ್ಲಿಂದ ಬರಬೇಕು? ಪಂದ್ಯದ ಚಾನೆಲ್ ಹಾಕಿ ನೋಡಿದೆವು. ಟೀವಿ ಚೆನ್ನಾಗಿಯೇ ಅರಚಿತು. ಹಾಗಾದರೆ ತಪ್ಪು ಡಬ್ಬಿಯದೇ ಎಂದು ಲಾರಿ ಏಜೆಂಟು ಅದರ ಬೆನ್ನಿಗೆ ಎರಡು ತಟ್ಟಿದ. ಗೋಣಿಚೀಲದ ವ್ಯಾಪಾರಿ ತಂತಿಯನ್ನು ಅಳೆದು, “ಉದ್ದ ಜಾಸ್ತಿ ಆಯ್ತು. ಚಿತ್ರ ಹಗುರ, ಓಡಿ ಬರತ್ತೆ. ಸದ್ದು ಭಾರ ನೋಡಿ” ಎಂದ. ಅಧ್ಯಕ್ಷರು ರಿಮೋಟು ಹಿಡಿದು ವಾಲ್ಯೂಮನ್ನು ಇನ್ನು ಏರಲಾರದು ಎನ್ನುವವರೆಗೆ ಏರಿಸಿ ಕೈಕಟ್ಟಿ ನಿಂತರು.

ಷಡ್ಡಕ ಬಾಯಲ್ಲಿ ಗಂಟಲಿನ ಮಾತ್ರೆ ಚೀಪುತ್ತಾ ಸ್ಟೂಲಿನ ಹತ್ತಿರ ಸರಿದ. “ಅಣ್ಣನ ಗಂಟಲು ಕಟ್ಟಿದೆಯಲ್ಲ, ಅದೇ ಇದಕ್ಕೂ ಅಂಟಿರ್ಬೇಕು. ಇವತ್ತೊಂದು ದಿನ...”

ಕೂಗಣ್ಣ ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಒಂದು ಕೈ ಬಿಡಿಸಿ ಮಗಳಿಗೆ ಫೋನು ಮಾಡಿದ.

“ಅಪ್ಪಾ? ಏನಾಯ್ತು? ಯಾಕೆ ಮಾತಾಡ್ತಿಲ್ಲ?”

ಅವನು ಟೀವಿಯನ್ನೂ ತನ್ನ ಕಿವಿಯನ್ನೂ ಫೋನಿಗೆ ತೋರಿಸಿ ತೋರಿಸಿ ಕೈಯಾಡಿಸಿದ. ನೋಡಲಾಗದೆ ನಾನು ಫೋನು ಕಿತ್ತುಕೊಂಡು ವಿಷಯ ಹೇಳಿದೆ.

“ಅಯ್ಯೋ ಮಾಮ, ಮನೇಲಿ ಸ್ಪೀಕರ್ ಹಾಕಿದ್ವಲ್ಲ, ಸದ್ದು ಇನ್ನೂ ಆ ತೂತಿಗೇ ಹೋಗ್ತಿದೆ. ಅಲ್ಲಿ ಸ್ಪೀಕರ್ ಇಲ್ಲ ಅಂತ ಅದಕ್ಕೇನು ಗೊತ್ತು? ಪರದೆಯ ಮೇಲ್ಗಡೆ ಮೂಲೇಲಿ ಸ್ಪೀಕರ್ ಚಿತ್ರ ಇದೆ. ಅದರ ಮೇಲೆ ಮೌಸಿನ ಬಲಗಡೆ ಗುಂಡಿ ಒತ್ತಿ. ಎರಡು ಹೆಸರು ಬರತ್ತೆ, ಎಚ್‌ಡಿಎಂಐ ಅಂತ ಇರೋದನ್ನ ಆರಿಸಿ. ಅದು ಟೀವಿ ದಾರಿ.”

ಪುಕ್ಕಟೆ ಸಿಕ್ಕ ಮಾಹಿತಿಯನ್ನು ಊರಿಗೆಲ್ಲ ಹಂಚುವ ಅಭ್ಯಾಸ ನನಗಿಲ್ಲ. ಕೂಗಣ್ಣನ ಕಿವಿಯಲ್ಲಷ್ಟೇ ಹೇಳಿದೆ. ಅವನು ಹಾಗೇ ಮಾಡಿ ಗುಂಡಿ ಒತ್ತಿದ.

ವಾಲ್ಯೂಮು ಏರಿಸಿದ್ದು ಎಲ್ಲರಿಗೂ ಮರೆತಿತ್ತು. ಕೂಗಣ್ಣನ ದನಿ ತಗಡನ್ನು ಎತ್ತುವಂತೆ ಬಂತು. ಪಾರಿವಾಳಗಳು ಮಾರುಕಟ್ಟೆಯನ್ನೇ ಬಿಟ್ಟು ಹೋದವು. ಷಡ್ಡಕನ ಮಾತ್ರೆ ಇಡಿಯಾಗಿ ಹೊಟ್ಟೆಗಿಳಿಯಿತು. ಮೂಟೆಯ ಮೇಲೆ ಕುಸಿದಿದ್ದ ಅಧ್ಯಕ್ಷರು ಸಾವರಿಸಿಕೊಂಡು, “ನೋಡಿದ್ರಾ, ನಾನು ಏರಿಸಿದ ವಾಲ್ಯೂಮು ಈಗ ಹೋಗಿ ಮುಟ್ಟಿತು” ಎಂದರು. ಎಲ್ಲರೂ ತಲೆಯಾಡಿಸಿದರು.

ತಿಂಗಳು ಹಾಗೇ ನಡೆಯಿತು. ಡಬ್ಬಿ ಕೂಗುವುದು, ಕೂಗಣ್ಣ ಒತ್ತುವುದು. ಡಬ್ಬಿಗೆ ದನಿಯಿತ್ತು, ನೋಟವಿರಲಿಲ್ಲ. ಯಾರ ತಂದೆಯನ್ನೂ ನೆನಪಿಸದೆ ಒಂದೇ ಹದದಲ್ಲಿ ಮೂರು ಸಲ ಎಂದು ಮುಗಿಸುತ್ತಿತ್ತು. ತಿಂಗಳು ಕಳೆದು ಡಾಕ್ಟರು ಗಂಟಲಿಗೆ ಅಪ್ಪಣೆ ಕೊಟ್ಟರು. ಕೂಗಣ್ಣ ಹೊಸ ಅಂಗಿ ಹಾಕಿಕೊಂಡು ಬಂದ.

“ಅಷ್ಟು ಅವಸರ ಯಾಕಪ್ಪಾ?” ಎಂದರು ಅಧ್ಯಕ್ಷರು. “ಗಂಟಲು ಜೋಪಾನ ಮಾಡ್ಕೋ. ಕೂಗೋಕೆ ಡಬ್ಬಿ ಇದೆ, ಒತ್ತೋಕೆ ಒಂದು ಬೆರಳು ಸಾಕು. ನಿನ್ನ ಷಡ್ಡಕ ಅರ್ಧ ಸಂಬಳಕ್ಕೆ ಒತ್ತುತ್ತಾನಂತೆ. ಇವತ್ತೊಂದು ದಿನ ನೋಡೋಣ.”

ಆ ದಿನವೆಲ್ಲ ಕೂಗಣ್ಣ ಮೂಟೆಗಳ ನಡುವೆ ನಿಂತು ತನ್ನದೇ ದನಿ ಷಡ್ಡಕನ ಬೆರಳಿಗೆ ಓಗೊಡುವುದನ್ನು ಕೇಳಿದ. ಮಾವನ ಮುಖ ಅವನಿಗೆ ಅಷ್ಟು ಒಪ್ಪುತ್ತದೆಂದು ನನಗೆ ತಿಳಿದಿರಲಿಲ್ಲ.

ಮರುದಿನ ನಾನು ಸರಕು ಇಳಿಸಿಕೊಳ್ಳಲು ಬೇಗ ಹೋಗಿದ್ದೆ. ಖಾಲಿ ಮಾರುಕಟ್ಟೆಯಲ್ಲಿ ಕೂಗಣ್ಣ ಟೀವಿಯ ಎದುರು ಕೂತು ಮೌಸು ಹಿಡಿದಿದ್ದ. ಪರದೆಯ ಮೂಲೆಯಲ್ಲಿ ಎರಡು ಹೆಸರು ತೆರೆದಿದ್ದವು. ನನ್ನನ್ನು ಕಂಡು ಟವೆಲಿನಿಂದ ಡಬ್ಬಿ ಒರೆಸತೊಡಗಿದ.

“ಧೂಳು ಬಿದ್ದಿತ್ತು.”

“ಧೂಳು ಬಹಳ ಕೆಟ್ಟದ್ದು” ಎಂದೆ.

ಹರಾಜು ಶುರುವಾಯಿತು. ಷಡ್ಡಕ ಒತ್ತಿದ. ಕುಂಬಳಕಾಯಿ ಬಂತು, ಕೂಗು ಬರಲಿಲ್ಲ. ಏಜೆಂಟು ತಟ್ಟಿದ, ಗೋಣಿಚೀಲದವನು ತಂತಿ ಅಳೆದ, ಅಧ್ಯಕ್ಷರು ವಾಲ್ಯೂಮು ಏರಿಸಿ ಕಾದರು. ಈ ಸಲ ಅದು ಹೋಗಿ ಮುಟ್ಟಲಿಲ್ಲ.

“ಆವತ್ತು ಫೋನಲ್ಲಿ ನೀವೇ ಅಲ್ವಾ ಮಾತಾಡಿದ್ದು?” ಎಂದು ಅಧ್ಯಕ್ಷರು ನನ್ನ ಕಡೆ ತಿರುಗಿದರು. “ಆ ಹುಡುಗಿ ಏನಂದಿದ್ಲು?”

“ವಾಲ್ಯೂಮು ಏರಿಸಿ ಅಂದ್ಲು. ನೀವು ಆಗ್ಲೇ ಏರಿಸಿದ್ರಲ್ಲ.”

“ಮತ್ತೆ” ಎಂದರು ಅಧ್ಯಕ್ಷರು, ತೃಪ್ತಿಯಿಂದ.

ಸರಕು ತಂದವರು ಗೊಣಗತೊಡಗಿದರು. ಷಡ್ಡಕ ಎದ್ದು ನಿಂತು ತಾನೇ ಒಂದು ಕೂಗು ಹಾಕಿದ. ಹಿಂದೆ ನಿಂತಿದ್ದವರು ಯಾವ ಬಾಗಿಲು ತೆರೆಯಿತೆಂದು ತಿರುಗಿ ನೋಡಿದರು. ಆಗ ಕೂಗಣ್ಣ ಅವನ ಭುಜದ ಮೇಲೆ ಮೆಲ್ಲನೆ ಕೈಯಿಟ್ಟ.

“ಇಳಿಯಪ್ಪಾ. ಇವತ್ತೊಂದು ದಿನ ನಾನೇ ಕೂಗ್ತೀನಿ. ನೀನು ಸುಧಾರಿಸ್ಕೋ.”

ಆ ದಿನ ಇನ್ನೂ ಮುಗಿದಿಲ್ಲ. ಷಡ್ಡಕ ತಕ್ಕಡಿಯ ಪಕ್ಕದಲ್ಲಿ ಸುಧಾರಿಸಿಕೊಳ್ಳುತ್ತಿದ್ದಾನೆ. ಅಂಥ ದನಿಗೆ ಈ ಟೀವಿ ಸಣ್ಣದಾಯಿತೆಂದು ತೀರ್ಮಾನಿಸಿ ಸಂಘದವರು ಇನ್ನೂ ದೊಡ್ಡದೊಂದನ್ನು ನೋಡುತ್ತಿದ್ದಾರೆ. ನಾನು ಯಾರಿಗೂ ಏನೂ ಹೇಳಿಲ್ಲ, ಕೂಗಣ್ಣನೂ ಏನೂ ಕೇಳಿಲ್ಲ. ನಾನು ಕಣ್ಣಿಟ್ಟ ಮೂಟೆಗಳ ಸರದಿ ಬಂದಾಗ ಮಾತ್ರ ‘ಎರಡು ಸಲ’ ಮತ್ತು ‘ಮೂರು ಸಲ’ದ ನಡುವಿನ ದಾರಿ ಮೊದಲಿಗಿಂತ ಗಿಡ್ಡವಾಗಿದೆ. ನನ್ನ ತಂದೆಯ ನೆನಪೂ ಅವನಿಗೆ ಅಷ್ಟಾಗಿ ಬರುತ್ತಿಲ್ಲ.